ಕೆಂಪು ಕಂಡ ಮಾತ್ರಕ್ಕೆ ಹಿಮೋಗ್ಲೋಬಿನ್ ಅಲ್ಲ: ರಕ್ತೋತ್ಪತ್ತಿಯ ಕಾಯಿಲೆಗಳಿಗೆ ಲ್ಯಾಬಿನಲ್ಲಿ ಕೋಶ ಮಾದರಿ ಕಟ್ಟುವವರಿಗೆ

ಸೆಂಟ್ರಿಫ್ಯೂಜಿನಿಂದ ಟ್ಯೂಬ್ ತೆಗೆದವಳೇ ಪ್ರಾಜೆಕ್ಟ್ ಹುಡುಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು "ಮೇಡಂ, ಬಂದ್ಬಿಡ್ತು!" ಅಂದಳು. ಟ್ಯೂಬಿನ ತಳದಲ್ಲಿ ಕಡಲೆಬೇಳೆಯಷ್ಟು ಪೆಲೆಟ್, ಅಂದರೆ ತಳಕ್ಕೆ ಕೂತ ಕೋಶಗಳ ಮುದ್ದೆ. ಬಣ್ಣ ಇಟ್ಟಿಗೆ ಪುಡಿಯದು. ಪಕ್ಕದ ಟ್ಯೂಬಿನಲ್ಲಿದ್ದ, ಏನೂ ಹಾಕದ ಕೋಶಗಳ ಪೆಲೆಟ್ ಅಕ್ಕಿಹಿಟ್ಟಿನಂತೆ ಬೆಳ್ಳಗಿತ್ತು. ನಾಲ್ಕು ದಿನ ಹೀಮಿನ್ (ಹಿಮೋಗ್ಲೋಬಿನ್ನಿನ ಕಬ್ಬಿಣದ ಭಾಗದಂಥ ಕಂದು ರಾಸಾಯನಿಕ) ಕುಡಿದ ಕೆ562 ಎಂಬ ರಕ್ತಕ್ಯಾನ್ಸರ್ ಕೋಶಗಳು ಹಿಮೋಗ್ಲೋಬಿನ್ ತಯಾರಿಸಿವೆ ಎಂಬುದು ಅವಳ ಲೆಕ್ಕ. "ಎಷ್ಟು ಸಲ ತೊಳೆದೆ?" ಅಂತ ಕೇಳಿದೆ. "ಒಂದ್ಸಲ." ಇನ್ನೆರಡು ಸಲ ತೊಳೆಸಿದೆ. ಕಂದು ಬಣ್ಣದ ಒಂದು ಪಾಲು ತೊಳೆದ ನೀರಿನ ಜೊತೆ ಹೋಯಿತು. ಉಳಿದದ್ದು ನಿಜವಾದ ಕೆಂಪು, ಆದರೆ ಮೊದಲು ಕಂಡಷ್ಟಲ್ಲ.

ಇದನ್ನೇ ಮೊದಲು ಹೇಳಲು ಕಾರಣವಿದೆ. ಥಲಸ್ಸೇಮಿಯಾ, ಸಿಕಲ್ ಸೆಲ್, ಡೈಮಂಡ್-ಬ್ಲ್ಯಾಕ್‌ಫ್ಯಾನ್ ರಕ್ತಹೀನತೆ, ಕೆಂಪು ಕಣ ಅತಿಯಾಗುವ ಪಾಲಿಸೈಥೀಮಿಯಾ ವೀರಾದಂಥ ಕಾಯಿಲೆಗಳನ್ನು ಫ್ಲಾಸ್ಕಿನೊಳಗೆ ಓದಲು ಹೊರಟವರು ಎಡವುವುದು ಕೈಚಳಕ ಸಾಲದೆ ಅಲ್ಲ. ತಮ್ಮ ಕೋಶ ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು, ಯಾವುದಕ್ಕೆ ಕೊಡಲಾರದು ಎಂದು ಮೊದಲೇ ಕೇಳಿಕೊಳ್ಳದೆ ಎಡವುತ್ತಾರೆ. ಎಂಎಸ್ಸಿ ಮುಗಿಸಿ ಪ್ರಾಜೆಕ್ಟಿಗೆ ಸೇರಿದವರು, ಪಿಎಚ್‌ಡಿಯ ಮೊದಲ ವರ್ಷದವರು, ಆಸ್ಪತ್ರೆಯ ಪೆಥಾಲಜಿಯಿಂದ ಸಂಶೋಧನೆಗೆ ಹೊರಳಿದ ಡಾಕ್ಟರುಗಳು ಇವರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಉದಾಹರಣೆಗೆ ಕೆಂಪು ರಕ್ತಕಣದ ಕವಲನ್ನೇ ಹಿಡಿದಿದ್ದೇನೆ, ಏಕೆಂದರೆ ನನ್ನ ಕೈ ಪಳಗಿದ್ದು ಅದರಲ್ಲಿ.

ಪ್ರಶ್ನೆ ಮೊದಲು, ಕೋಶ ಆಮೇಲೆ

ಆರೋಗ್ಯವಂತ ದೊಡ್ಡವರ ಅಸ್ಥಿಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳನ್ನು ಹೊರಬಿಡುತ್ತದೆ. ಒಂದು ಆಕರಕೋಶ (ಸ್ಟೆಮ್ ಸೆಲ್) ಹಂತ ಹಂತವಾಗಿ ಮಾಗಿ, ಹಿಮೋಗ್ಲೋಬಿನ್ ತುಂಬಿಕೊಂಡು, ಕೊನೆಗೆ ತನ್ನ ನ್ಯೂಕ್ಲಿಯಸ್ಸನ್ನೇ ಉಗುಳಿ ರಕ್ತಕ್ಕೆ ಇಳಿಯುತ್ತದೆ. ಕಾಯಿಲೆ ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಅಡ್ಡ ಬರಬಹುದು. ಡೈಮಂಡ್-ಬ್ಲ್ಯಾಕ್‌ಫ್ಯಾನಿನಲ್ಲಿ ರೈಬೋಸೋಮ್ (ಪ್ರೋಟೀನ್ ಕಟ್ಟುವ ಯಂತ್ರ) ಕೆಟ್ಟು ಅಡ್ಡಿ ತೀರಾ ಆರಂಭದಲ್ಲಿ. ಬೀಟಾ ಥಲಸ್ಸೇಮಿಯಾದಲ್ಲಿ ದಾರಿ ಮುಕ್ಕಾಲು ಕ್ರಮಿಸಿದ ಮೇಲೆ, ಹಿಮೋಗ್ಲೋಬಿನ್ ಕಟ್ಟಲು ಬೇಕಾದ ಬೀಟಾ ಗ್ಲೋಬಿನ್ ಸಾಲದೆ, ಜೋಡಿ ಸಿಗದೆ ಉಳಿದ ಆಲ್ಫಾ ಗ್ಲೋಬಿನ್ ಗಟ್ಟಿಯಾಗಿ ಕೋಶವನ್ನೇ ಕೊಲ್ಲುತ್ತದೆ. ನಿಮ್ಮ ಕಾಯಿಲೆ ಕೈಕೊಡುವ ಹಂತಕ್ಕೆ ನಿಮ್ಮ ಕೋಶ ತಲುಪುತ್ತದೆಯೇ? ಇಷ್ಟು ಕೇಳಿಕೊಂಡರೆ ಅರ್ಧ ಆಯ್ಕೆ ತಾನಾಗಿ ಆಗುತ್ತದೆ.

ಕೆ562 ಎಲ್ಲರಿಗೂ ಮೊದಲು ಸಿಗುವ ಕೋಶ. ದೀರ್ಘಕಾಲದ ಮೈಲಾಯ್ಡ್ ರಕ್ತಕ್ಯಾನ್ಸರ್ ಉಲ್ಬಣಗೊಂಡಿದ್ದ 53 ವರ್ಷದ ಮಹಿಳೆಯೊಬ್ಬರ ಎದೆಗೂಡಿನ ದ್ರವದಿಂದ ಬಂದದ್ದು. ಅಮೆರಿಕದ ಟೆನೆಸ್ಸಿಯಲ್ಲಿ ಲೊಜಿಯೊ ದಂಪತಿ 1975ರಲ್ಲಿ ಇದರ ವಿವರ ಪ್ರಕಟಿಸಿದರು. ಗಟ್ಟಿಮುಟ್ಟು, ಅಗ್ಗ, ದಿನಕ್ಕೊಂದು ಸಲ ಇಮ್ಮಡಿಯಾಗುತ್ತದೆ. ಆದರೆ ಇದು ಕ್ಯಾನ್ಸರ್ ಕೋಶ, ಇದರಲ್ಲಿ ಪಿ53, ಅಂದರೆ ಕೆಟ್ಟ ಕೋಶವನ್ನು ತಡೆದು ಸಾಯಿಸುವ ಪ್ರೋಟೀನ್, ಕೆಲಸ ಮಾಡುವುದಿಲ್ಲ. ಮುಖ್ಯವಾಗಿ, ಇದು ತಯಾರಿಸುವುದು ಭ್ರೂಣದ ಕಾಲದ ಗ್ಲೋಬಿನ್‌ಗಳನ್ನು, ಅಂದರೆ ಎಪ್ಸಿಲಾನ್ ಮತ್ತು ಗಾಮಾ. ದೊಡ್ಡವರ ಬೀಟಾ ಗ್ಲೋಬಿನ್ ಇಲ್ಲವೆಂದೇ ಹೇಳಬೇಕು. ಹಾಗಾಗಿ "ಕೆ562ರಲ್ಲಿ ಬೀಟಾ ಥಲಸ್ಸೇಮಿಯಾ ಮಾದರಿ" ಎಂಬ ಶೀರ್ಷಿಕೆಯ ಪ್ರಸ್ತಾವನೆ ಕಂಡರೆ ನಾನು ಮುಂದೆ ಓದುವುದಿಲ್ಲ. ಇಲ್ಲದ ಜೀನ್ ಕೆಟ್ಟಿತೆಂದು ತೋರಿಸುವುದು ಹೇಗೆ? ಡೈಮಂಡ್-ಬ್ಲ್ಯಾಕ್‌ಫ್ಯಾನಿಗೂ ಇದೇ ಮಾತು. ರೈಬೋಸೋಮ್ ಕೆಟ್ಟಾಗ ಕೋಶಗಳು ಸಾಯುವುದರಲ್ಲಿ ಪಿ53ಯ ಕೈವಾಡ ದೊಡ್ಡದು, ಅದಿಲ್ಲದ ಕೋಶದಲ್ಲಿ ಕಾಯಿಲೆಯ ಮುಖ್ಯ ಭಾಗವೇ ಕಾಣುವುದಿಲ್ಲ. ಹಾಗಂತ ಕೆ562 ನಿಷ್ಪ್ರಯೋಜಕವಲ್ಲ. ಭ್ರೂಣ ಹಿಮೋಗ್ಲೋಬಿನ್ ಹೆಚ್ಚಿಸಬಹುದಾದ ರಾಸಾಯನಿಕಗಳನ್ನು ಮೊದಲ ಸುತ್ತಿನಲ್ಲಿ ಜರಡಿ ಹಿಡಿಯಲು, ಹೊಸಬರ ಕೈ ಪಳಗಿಸಲು ಇದಕ್ಕಿಂತ ಒಳ್ಳೆಯದಿಲ್ಲ.

ಹ್ಯೂಡೆಪ್-2 ಬೇರೆಯೇ ಜಾತಿ. ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು ಹೊಕ್ಕುಳಬಳ್ಳಿ ರಕ್ತದ ಕೋಶಗಳಿಗೆ ಪ್ಯಾಪಿಲೋಮಾ ವೈರಸ್ಸಿನ, ಕೋಶವನ್ನು ಎಡೆಬಿಡದೆ ಬೆಳೆಸುವ ಎರಡು ಜೀನ್ ಸೇರಿಸಿ, ಅವು ಡಾಕ್ಸಿಸೈಕ್ಲಿನ್ ಎಂಬ ಔಷಧ ಇರುವವರೆಗೆ ಮಾತ್ರ ಕೆಲಸ ಮಾಡುವಂತೆ ಕಟ್ಟಿ, 2013ರಲ್ಲಿ ಹೊರತಂದರು. ಹೊಕ್ಕುಳಬಳ್ಳಿಯಿಂದ ಬಂದರೂ ಇದು ಹೆಚ್ಚಾಗಿ ಮಾಡುವುದು ದೊಡ್ಡವರ ಹಿಮೋಗ್ಲೋಬಿನ್ನನ್ನು. ಭ್ರೂಣ ಹಿಮೋಗ್ಲೋಬಿನ್ನಿಗೆ ಬೀಗ ಹಾಕುವ ಬಿಸಿಎಲ್11ಎ ಜೀನಿನ ನಿಯಂತ್ರಕ ಭಾಗವನ್ನು ಇಂಚಿಂಚಾಗಿ ಕತ್ತರಿಸಿ, ಯಾವ ತುಣುಕು ಕೆಟ್ಟರೆ ಬೀಗ ಸಡಿಲವಾಗುತ್ತದೆ ಎಂದು 2015ರಲ್ಲಿ ತೋರಿಸಿದ್ದು ಇದೇ ಕೋಶಗಳಲ್ಲಿ. ಅದೇ ಭಾಗಕ್ಕೆ ಕತ್ತರಿ ಹಾಕುವ ಕ್ರಿಸ್ಪರ್ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ಫ್ಲಾಸ್ಕಿನ ಕೋಶವೊಂದು ಎಂಟು ವರ್ಷಗಳಲ್ಲಿ ರೋಗಿಯ ಹಾಸಿಗೆಯ ಬಳಿಗೆ ದಾರಿ ತೋರಿದ ಇಂಥ ಉದಾಹರಣೆ ಹೆಚ್ಚಿಲ್ಲ. ತೊಂದರೆ ಎಂದರೆ ಖರ್ಚು: ಸೀರಮ್ ಇಲ್ಲದ ವಿಶೇಷ ಮೀಡಿಯಾ (ಕೋಶ ಬೆಳೆಯುವ ಪೋಷಕ ದ್ರವ), ಆಕರಕೋಶ ಬೆಳೆಸುವ ಪ್ರೋಟೀನ್ ಎಸ್‌ಸಿಎಫ್, ಕೆಂಪು ಕಣ ಬೆಳೆಸುವ ಹಾರ್ಮೋನ್ ಎರಿತ್ರೊಪೊಯೆಟಿನ್, ಡೆಕ್ಸಾಮೆಥಸೋನ್, ಡಾಕ್ಸಿಸೈಕ್ಲಿನ್ ಎಲ್ಲವೂ ಬೇಕು.

ಬಿಳಿ ರಕ್ತಕಣದ ಕವಲಿನವರಿಗೆ ಎಚ್‌ಎಲ್-60 ಇದೆ. ಶೇಕಡ 1.25ರಷ್ಟು ಡಿಎಂಎಸ್‌ಒ ಎಂಬ ದ್ರಾವಕ ಹಾಕಿದರೆ ನ್ಯೂಟ್ರೋಫಿಲ್ ಎಂಬ ಬಿಳಿ ಕಣದ ಕಡೆಗೆ ಹೊರಳುತ್ತದೆ. ಬೆಳವಣಿಗೆಯ ಸಂಕೇತಗಳನ್ನು ಓದುವವರಿಗೆ ಟಿಎಫ್-1 ಇದೆ, ಬೆಳವಣಿಗೆಯ ಪ್ರೋಟೀನ್ ಆದ ಜಿಎಂ-ಸಿಎಸ್‌ಎಫ್ ತಪ್ಪಿಸಿದರೆ ಸಾಯುತ್ತದೆ. ಇವುಗಳ ವಿಚಾರ ಇಲ್ಲಿ ಇಷ್ಟೇ ಸಾಕು.

ಎಲ್ಲಕ್ಕಿಂತ ನಂಬಬಹುದಾದ ಮಾದರಿ ರೋಗಿಯ ಸ್ವಂತ ಆಕರಕೋಶ. ಎಲ್ಲಕ್ಕಿಂತ ಕಾಡುವುದೂ ಅದೇ. ಅದಕ್ಕೆ ಆಮೇಲೆ ಬರೋಣ.

ಕೋಶ ತರಿಸುವ ಮುನ್ನ

ನಮ್ಮ ದೇಶದಲ್ಲಿ ಕೆ562, ಎಚ್‌ಎಲ್-60ರಂಥವು ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದ ಸಂಗ್ರಹದಿಂದ ಸಿಗುತ್ತವೆ. ಪಕ್ಕದ ಲ್ಯಾಬಿನವರಿಂದ ಒಂದು ಫ್ಲಾಸ್ಕ್ ಕೇಳಿ ತರುವುದು ನಮ್ಮ ವಾಡಿಕೆ, ಮೊಸರಿಗೆ ಹೆಪ್ಪು ತಂದ ಹಾಗೆ. ದಯವಿಟ್ಟು ಬಿಡಿ. ಹಾಗೆ ಬಂದ ಫ್ಲಾಸ್ಕಿನ ಜೊತೆ ಮೈಕೊಪ್ಲಾಸ್ಮಾ ಎಂಬ ಅತಿಸಣ್ಣ ಬ್ಯಾಕ್ಟೀರಿಯಾವೂ ಬರಬಹುದು, ಹೆಸರಿನ ಚೀಟಿಯೊಳಗೆ ಬೇರೆಯದೇ ಕೋಶವೂ ಇರಬಹುದು. ತಂದೇ ತೀರಬೇಕಾದರೆ ಎಸ್‌ಟಿಆರ್ ಎಂಬ ಡಿಎನ್‌ಎ ಗುರುತಿನ ಪರೀಕ್ಷೆ ಮಾಡಿಸಿ, ಆ ವರದಿ ಬರುವವರೆಗೆ ಬೇರೆ ಇನ್ಕ್ಯುಬೇಟರಿನಲ್ಲಿಡಿ.

ಜೀನ್ ತಿದ್ದುವ ಕೆಲಸವಿದ್ದರೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಅನುಮತಿ ಬೇಕು. ರೋಗಿಯ ರಕ್ತ ಬಳಸುವುದಾದರೆ ನೈತಿಕ ಸಮಿತಿಯ ಅನುಮತಿ, ಲಿಖಿತ ಒಪ್ಪಿಗೆ ಬೇಕು. ಮಕ್ಕಳಾದರೆ ಹೆತ್ತವರ ಸಹಿ ಸಾಲದು. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿ, ಅದಕ್ಕಿಂತ ದೊಡ್ಡ ಮಗುವಿನ ಲಿಖಿತ ಸಮ್ಮತಿಯೂ ಬೇಕು. ಮಗುವಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿ. "ಪೆರಿಫೆರಲ್ ಬ್ಲಡ್ ಸ್ಯಾಂಪಲ್" ಎಂದರೆ ಎಚ್.ಡಿ. ಕೋಟೆ ಹಾಡಿಯಿಂದ ಬಂದ ತಾಯಿಗೆ ಏನು ತಿಳಿಯಬೇಕು? ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ಇದೆ, 2023ರ ಜುಲೈಯಲ್ಲಿ ಶುರುವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ತಪಾಸಣೆಗೆಂದು ಕೊಟ್ಟ ರಕ್ತ ಬೇರೆ, ಸಂಶೋಧನೆಗೆಂದು ಕೊಟ್ಟ ರಕ್ತ ಬೇರೆ. ಒಂದರ ಹೆಸರಿನಲ್ಲಿ ಇನ್ನೊಂದನ್ನು ತೆಗೆಯಬಾರದು.

ವಯಲ್ ಕರಗಿಸುವ ದಿನ

ಮೀಡಿಯಾ ಮೊದಲು ಬೆಚ್ಚಗಾಗಲಿ. ಕೆ562ಗೆ ಆರ್‌ಪಿಎಂಐ 1640, ಅದಕ್ಕೆ ಶೇಕಡ 10 ಸೀರಮ್. ಫ್ರೀಜ್ ಮಾಡಿದ ಕೋಶಗಳ ಪುಟ್ಟ ಸೀಸೆಯಾದ ವಯಲನ್ನು ದ್ರವ ಸಾರಜನಕದಿಂದ ತೆಗೆಯುವಾಗ ಮುಖದ ಶೀಲ್ಡ್ ಹಾಕಿರಿ. ಮುಚ್ಚಳದೊಳಗೆ ಸಾರಜನಕ ಸೇರಿಕೊಂಡಿದ್ದರೆ ವಯಲ್ ಪಟಾಕಿಯಂತೆ ಸಿಡಿಯುತ್ತದೆ. ನೇರ 37 ಡಿಗ್ರಿಯ ನೀರಿಗೆ, ಮುಚ್ಚಳ ನೀರಿಗೆ ತಾಗದಂತೆ. ಒಂದೂವರೆ ನಿಮಿಷದಲ್ಲಿ ನಡುವೆ ಸಾಸಿವೆಯಷ್ಟು ಐಸ್ ಉಳಿದಾಗ ಹೊರತೆಗೆಯಿರಿ. ಪೂರ್ತಿ ಕರಗುವವರೆಗೆ ಕಾಯಬೇಡಿ, ಫ್ರೀಜ್ ಮಾಡುವಾಗ ಹಾಕಿದ ಡಿಎಂಎಸ್‌ಒ ಬೆಚ್ಚಗಾದರೆ ಕೋಶಕ್ಕೆ ವಿಷ.

ಈಗ ಅವಸರ ಬೇಡ. 9 ಮಿ.ಲೀ. ಮೀಡಿಯಾಕ್ಕೆ ಹನಿ ಹನಿಯಾಗಿ ಬಿಡಿ, ಬಿಸಿ ಎಣ್ಣೆಗೆ ಬೋಂಡಾ ಹಿಟ್ಟು ಬಿಟ್ಟಂತೆ ದಬದಬ ಸುರಿಯಬೇಡಿ. 200ರಿಂದ 300 ಜಿ ವೇಗದಲ್ಲಿ ಐದು ನಿಮಿಷ ತಿರುಗಿಸಿ, ಮೇಲಿನದನ್ನು ತೆಗೆದು, 5 ಮಿ.ಲೀ. ಹೊಸ ಮೀಡಿಯಾದಲ್ಲಿ ಕದಡಿ ಚಿಕ್ಕ ಫ್ಲಾಸ್ಕಿಗೆ ಹಾಕಿ. ಫ್ಲಾಸ್ಕನ್ನು ಮಲಗಿಸಬೇಡಿ, ನಿಲ್ಲಿಸಿಡಿ. ಇವು ತಳಕ್ಕೆ ಅಂಟದ, ತೇಲುವ ಕೋಶಗಳು. ಮೊದಲ ದಿನ ಒತ್ತೊತ್ತಾಗಿದ್ದರೆ ಅವುಗಳಿಗೆ ಧೈರ್ಯ.

ಮರುದಿನ ಬೆಳಗ್ಗೆ ನೋಡಿದರೆ ಕಸದಂತೆ ಕಾಣುವ ಸತ್ತ ಕೋಶಗಳಿರುತ್ತವೆ. ಹೊಸಬರು ಇಲ್ಲೇ ಗಾಬರಿಯಾಗಿ ಎರಡನೆಯ ವಯಲ್ ತೆಗೆಯುತ್ತಾರೆ. ಎರಡು ದಿನ ತಡೆಯಿರಿ. ದುಂಡಗೆ, ಹೊಳೆಯುವ ಅಂಚಿನ ಕೋಶಗಳು ಹತ್ತಕ್ಕೆ ಆರಿದ್ದರೂ ಸಾಕು, ಮೂರನೆಯ ದಿನ ಚೇತರಿಸಿಕೊಳ್ಳುತ್ತವೆ.

ಸಾಕುವುದು

ಇಲ್ಲಿ ನಿಯಮ ಒಂದೇ: ಮಿ.ಲೀ.ಗೆ 1ರಿಂದ 2 ಲಕ್ಷದಲ್ಲಿ ಶುರುಮಾಡಿ, 10 ಲಕ್ಷ ದಾಟಲು ಬಿಡಬೇಡಿ. ಎರಡು ಮೂರು ದಿನಕ್ಕೊಮ್ಮೆ ತೆಳ್ಳಗಾಗಿಸಿ. ತಳಕ್ಕೆ ಅಂಟಿದ ಕೋಶ ಬಿಡಿಸುವ ಟ್ರಿಪ್ಸಿನ್ನಿನ ಗೋಜಿಲ್ಲ, ಸುಮ್ಮನೆ ಒಂದು ಪಾಲು ತೆಗೆದು ಹೊಸ ಮೀಡಿಯಾ ಹಾಕಿದರಾಯಿತು. ಸುಲಭವೆಂದೇ ಜನ ಅಸಡ್ಡೆ ಮಾಡುತ್ತಾರೆ. ಹಳದಿಗೆ ತಿರುಗಿದ ಮೀಡಿಯಾದಲ್ಲಿ ವಾರಾಂತ್ಯ ಕಳೆದ ಕೋಶಗಳು ಸೋಮವಾರ ಸತ್ತಿರುವುದಿಲ್ಲ. ಆದರೆ ಅವುಗಳ ಸ್ವಭಾವ ಬದಲಾಗಿರುತ್ತದೆ. ಒತ್ತಡಕ್ಕೆ ಸಿಕ್ಕ ಕೆ562 ತಾನಾಗಿಯೇ ಒಂದಿಷ್ಟು ಹಿಮೋಗ್ಲೋಬಿನ್ ಮಾಡತೊಡಗುತ್ತದೆ, ಹೋಲಿಕೆಗೆಂದು ಇಟ್ಟ ನಿಮ್ಮ ಕಂಟ್ರೋಲ್ ಅಲ್ಲಿಗೆ ಕೆಟ್ಟಿತು. ಎಣಿಕೆಗೆ ಸತ್ತ ಕೋಶಕ್ಕೆ ಮಾತ್ರ ಹತ್ತುವ ಟ್ರಿಪಾನ್ ನೀಲಿ ಬಣ್ಣ ಮತ್ತು ಎಣಿಕೆ ಚೇಂಬರ್ ಸಾಕು, ಯಂತ್ರವಿಲ್ಲ ಎಂಬ ನೆಪ ಬೇಡ. ಎಷ್ಟನೆಯ ಸಲ ತೆಳ್ಳಗಾಗಿಸಿದ್ದು ಎಂಬ ಪ್ಯಾಸೇಜ್ ಸಂಖ್ಯೆ ಫ್ಲಾಸ್ಕಿನ ಮೇಲೆ ಬರೆಯಿರಿ. ಇಪ್ಪತ್ತು ಇಪ್ಪತ್ತೈದು ದಾಟಿದ ಮೇಲೆ ಹೊಸ ವಯಲ್ ತೆಗೆಯುವುದು ನನ್ನ ರೂಢಿ.

ತಿಂಗಳಿಗೊಮ್ಮೆ ಮೈಕೊಪ್ಲಾಸ್ಮಾಕ್ಕೆ ಪಿಸಿಆರ್ ಮಾಡಿ. ಬೇರೆ ಬ್ಯಾಕ್ಟೀರಿಯಾ ಬಂದರೆ ಮೀಡಿಯಾ ಮಬ್ಬಾಗಿ ತಾನೇ ಹೇಳುತ್ತದೆ. ಇದು ಹೇಳುವುದಿಲ್ಲ. ಇದಕ್ಕೆ ಕೋಶಭಿತ್ತಿ ಇಲ್ಲದ್ದರಿಂದ ಪೆನಿಸಿಲಿನ್ ನಾಟುವುದಿಲ್ಲ, ಮಾಮೂಲಿ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಸಿಕ್ಕರೆ ಫ್ಲಾಸ್ಕನ್ನು ಉಳಿಸಲು ಹೆಣಗದೆ ಆಟೋಕ್ಲೇವ್ ಮಾಡಿ ಎಸೆಯಿರಿ.

ಒಂದು ಆಯುಧಪೂಜೆಯ ಕತೆ ಹೇಳಿಬಿಡುತ್ತೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಸೆಂಟ್ರಿಫ್ಯೂಜ್, ಸೂಕ್ಷ್ಮದರ್ಶಕ, ಆಟೋಕ್ಲೇವ್ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಪುರಿ ಕಡಲೆ ಹಂಚಿ ನಾಲ್ಕು ದಿನದ ರಜೆಗೆ ಹೋದೆವು. ಕಲ್ಚರ್ ಹುಡ್‌ನ ಒಳಗೆ ಮಾತ್ರ ಕುಂಕುಮ ಬೇಡವೆಂದು ಬಾಗಿಲಲ್ಲೇ ನಿಂತು ಕಾದಿದ್ದೆ, ಅದರ ಹೆಮ್ಮೆಯೂ ಇತ್ತು. ಇನ್ಕ್ಯುಬೇಟರಿನ ಹಿಂದಿದ್ದ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನ ಮುಳ್ಳು ಮಾತ್ರ ಯಾರೂ ನೋಡಲಿಲ್ಲ. ವಾಪಸು ಬಂದಾಗ ಎಲ್ಲ ಫ್ಲಾಸ್ಕುಗಳೂ ನೇರಳೆ ಹಣ್ಣಿನ ಬಣ್ಣ. ಹದಿನಾರನೆಯ ದಿನದಲ್ಲಿದ್ದ ರೋಗಿಯ ಕಲ್ಚರ್ ಒಂದೂ ಉಳಿಯಲಿಲ್ಲ. ಹಬ್ಬದ ಹಿಂದಿನ ದಿನ ಸಿಲಿಂಡರ್ ನೋಡುವುದು ಯಾರ ಕೆಲಸ ಎಂದು ಹೆಸರು ಬರೆದು ಅಂಟಿಸಿ. "ಯಾರಾದರೂ ನೋಡಿ" ಎಂದು ಬರೆದರೆ ಯಾರೂ ನೋಡುವುದಿಲ್ಲ.

ಹೀಮಿನ್ ಪ್ರಯೋಗ: ಮೊದಲ ಮಾದರಿ

ಇದು ಕೆ562ರಲ್ಲಿ ಎಲ್ಲರೂ ಮಾಡುವ ಪಾಠ. ಮಾಡುವವರು ಹೆಚ್ಚು, ಸರಿಯಾಗಿ ಮಾಡುವವರು ಕಡಿಮೆ.

ಹೀಮಿನ್ ನೀರಿನಲ್ಲಿ ಕರಗುವುದಿಲ್ಲ. 4 ಮಿಲಿಮೋಲಾರ್ ಸ್ಟಾಕಿನ 10 ಮಿ.ಲೀ.ಗೆ 26 ಮಿ.ಗ್ರಾಂ ತೂಗಿ. ಮೊದಲು 2 ಮಿ.ಲೀ.ಯಷ್ಟು ದುರ್ಬಲ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕದಡಿ, ಗಟ್ಟಿ ಡಿಕಾಕ್ಷನ್ನಿನಂಥ ದ್ರವವಾಗುತ್ತದೆ. ಮೇಲೆ ಟ್ರಿಸ್ ಬಫರ್ ಹಾಕಿ, ಹೈಡ್ರೊಕ್ಲೋರಿಕ್ ಆಮ್ಲದ ಹನಿಗಳಿಂದ ಪಿಎಚ್ ಅನ್ನು 7.6ರ ಆಸುಪಾಸಿಗೆ ತನ್ನಿ. ಹನಿ ಜಾಸ್ತಿಯಾಗಿ ಪಿಎಚ್ ಕುಸಿದರೆ ಹೀಮಿನ್ ಚರಟವಾಗಿ ಕೆಳಗೆ ಕೂರುತ್ತದೆ, ಅದನ್ನು ಮತ್ತೆ ಕರಗಿಸುವ ಸಾಹಸ ಬೇಡ, ಹೊಸದಾಗಿ ಮಾಡಿ. 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಅಲ್ಯೂಮಿನಿಯಂ ಹಾಳೆ ಸುತ್ತಿ, ಸಣ್ಣ ಪಾಲುಗಳಾಗಿ ಮೈನಸ್ 20ರಲ್ಲಿಡಿ.

ಮಿ.ಲೀ.ಗೆ ಒಂದೂವರೆ ಲಕ್ಷ ಕೋಶವಿರುವ ಕಲ್ಚರಿಗೆ ನೂರಕ್ಕೊಂದು ಪಾಲು ಸ್ಟಾಕ್ ಹಾಕಿದರೆ 40 ಮೈಕ್ರೊಮೋಲಾರ್. ನಾಲ್ಕು ದಿನ ಬಿಡಿ. ಕಂಟ್ರೋಲ್ ಮೂರು ಇಡಿ. ಏನೂ ಹಾಕದ್ದು ಒಂದು. ಹೀಮಿನ್ ಇಲ್ಲದ ಅದೇ ಬಫರ್ ಹಾಕಿದ್ದು ಎರಡು. ಮೂರನೆಯದು ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣದ್ದು, ಅದೇ ನನಗೆ ಬಹಳ ಮುಖ್ಯ: ಕೋಶಗಳನ್ನು ತೆಗೆಯುವ ಒಂದು ಗಂಟೆ ಮುಂಚೆ ಮಾತ್ರ ಹೀಮಿನ್ ಹಾಕಿದ್ದು. ಒಂದು ಗಂಟೆಯಲ್ಲಿ ಯಾವ ಕೋಶವೂ ಹೇಳಿಕೊಳ್ಳುವಷ್ಟು ಹಿಮೋಗ್ಲೋಬಿನ್ ಮಾಡಲಾರದು. ಆ ಟ್ಯೂಬಿನಲ್ಲಿ ಕಂಡ ಬಣ್ಣವೆಲ್ಲ ಹೊರಗಿನಿಂದ ಅಂಟಿದ ಹೀಮಿನ್ನಿನದು. ಆರಂಭದಲ್ಲಿ ಹೇಳಿದ ಇಟ್ಟಿಗೆ ಬಣ್ಣದ ಪೆಲೆಟ್ಟಿನ ಪಕ್ಕ ಈ ಟ್ಯೂಬ್ ಇದ್ದಿದ್ದರೆ ಅವಳು ಅಷ್ಟು ಬೇಗ ಕೂಗುತ್ತಿರಲಿಲ್ಲ.

ತೆಗೆದ ಕೋಶಗಳನ್ನು ಪಿಬಿಎಸ್ ಎಂಬ ಉಪ್ಪುನೀರಿನ ಬಫರಿನಲ್ಲಿ ಮೂರು ಸಲ ತೊಳೆಯಿರಿ. ಬೆಂಜಿಡಿನ್ ಬಣ್ಣ ಹಾಕುವುದು ಹಳೆಯ ಕ್ರಮ: ಹಿಮೋಗ್ಲೋಬಿನ್ ಇರುವ ಕೋಶ ಹೈಡ್ರೊಜನ್ ಪೆರಾಕ್ಸೈಡಿನ ಜೊತೆ ನೀಲಿಯಾಗುತ್ತದೆ. ಕನಿಷ್ಠ 200 ಕೋಶ ಎಣಿಸಿ, ಐದೇ ನಿಮಿಷದೊಳಗೆ ಎಣಿಸಿ, ಆಮೇಲೆ ಬಣ್ಣ ಹರಡಿ ಎಲ್ಲವೂ ನೀಲಿಯಾಗಿ ಕಾಣತೊಡಗುತ್ತದೆ. ಯಾವುದಕ್ಕೆ ಏನು ಹಾಕಿದೆ ಎಂದು ಗೊತ್ತಿಲ್ಲದವರಿಂದ ಎಣಿಸಿದರೆ ಇನ್ನೂ ಒಳ್ಳೆಯದು. ಬೆಂಜಿಡಿನ್ ಕ್ಯಾನ್ಸರ್‌ಕಾರಕ, ಎರಡು ಜೊತೆ ಗ್ಲೌಸ್ ಹಾಕಿ ಫ್ಯೂಮ್ ಹುಡ್‌ನಲ್ಲೇ ತೂಗಿ. ನಿಮ್ಮ ಸಂಸ್ಥೆ ಅದನ್ನು ನಿಷೇಧಿಸಿದ್ದರೆ ಬೇಸರ ಬೇಡ, ಟೆಟ್ರಾಮೀಥೈಲ್ ರೂಪ ಬಳಸಿ.

ಬಣ್ಣದ ಪುರಾವೆ ಸಾಲದು. ಗಾಮಾ ಗ್ಲೋಬಿನ್ನಿನ ಆರ್‌ಎನ್‌ಎ ಏರಿದೆಯೇ ಎಂದು ಕ್ಯೂಪಿಸಿಆರ್‌ನಲ್ಲಿ ನೋಡಿ. ಅಳತೆಗೋಲಾಗಿ ಒಂದಲ್ಲ, ಎರಡು ಮನೆವಾಳ್ತೆ (ಹೌಸ್‌ಕೀಪಿಂಗ್) ಜೀನ್, ಅಂದರೆ ಹೆಚ್ಚುಕಡಿಮೆ ಒಂದೇ ಸಮ ನಡೆಯುವ ಜೀನ್ ಇಟ್ಟುಕೊಳ್ಳಿ. ಕೋಶ ಮಾಗುವಾಗ ಅವೂ ಏರಿಳಿಯುತ್ತವೆ. ಗಾಮಾವನ್ನು ಬೀಟಾದಿಂದ ಭಾಗಿಸಿ ಅನುಪಾತ ಕೊಡುವ ಚಾಳಿ ಇಲ್ಲಿ ಬೇಡ, ಸೊನ್ನೆಯಿಂದ ಭಾಗಿಸಿದ ಹಾಗಾಗುತ್ತದೆ. ಹೊಸ ಔಷಧ ಪರೀಕ್ಷಿಸುವುದಾದರೆ ಪಕ್ಕದಲ್ಲಿ ಹೈಡ್ರಾಕ್ಸಿಯೂರಿಯಾ 100 ಮೈಕ್ರೊಮೋಲಾರ್ ಇಡಿ, ಅದು ಸಿಕಲ್ ಸೆಲ್ ರೋಗಿಗಳಿಗೆ ಕೊಡುವ ಔಷಧವೇ. ಜೊತೆಗೆ ಬದುಕಿರುವ ಕೋಶಗಳ ಎಣಿಕೆಯನ್ನೂ ಕೊಡಿ. ಕೋಶಗಳನ್ನು ಅರ್ಧ ಕೊಂದು ಉಳಿದವನ್ನು ಕೆಂಪಾಗಿಸುವ ವಸ್ತು ಬೇಕಾದಷ್ಟಿವೆ, ಅವು ಔಷಧವಲ್ಲ.

ರೋಗಿಯ ರಕ್ತದಿಂದ ಕೆಂಪು ಕಣ

ಇಲ್ಲಿಂದ ನಿಜವಾದ ಕಾಯಿಲೆ ಕಣ್ಣಿಗೆ ಬೀಳುತ್ತದೆ. 10 ಮಿ.ಲೀ. ರಕ್ತ ಬೇಕು. ಥಲಸ್ಸೇಮಿಯಾ ಮಗುವಾದರೆ ಮುಂದಿನ ಸಲದ ರಕ್ತ ಕೊಡುವ ಮೊದಲು, ಅದಕ್ಕೆಂದು ಚುಚ್ಚಿದ ಸೂಜಿಯಲ್ಲೇ ತೆಗೆಯಿರಿ. ಮಗುವಿಗೆ ಇನ್ನೊಂದು ಚುಚ್ಚು ತಪ್ಪುತ್ತದೆ, ಹಿಮೋಗ್ಲೋಬಿನ್ ಇಳಿದಿರುವ ಆ ಹೊತ್ತಿಗೆ ಅದರ ಸ್ವಂತ ಮಜ್ಜೆಯೂ ಚುರುಕಾಗಿರುತ್ತದೆ.

ರಕ್ತವನ್ನು ಸಮಪಾಲು ಪಿಬಿಎಸ್ ಸೇರಿಸಿ 1.077 ಸಾಂದ್ರತೆಯ ಫೈಕಾಲ್ ದ್ರವದ ಮೇಲೆ ಮೆಲ್ಲಗೆ ಹರಡಿ. 400 ಜಿ, 30 ನಿಮಿಷ, ಬ್ರೇಕ್ ಇಲ್ಲದೆ. ಬ್ರೇಕ್ ಹಾಕಿದರೆ ಪದರಗಳು ಕಲಸಿಹೋಗುತ್ತವೆ. ಪ್ಲಾಸ್ಮಾ ಮತ್ತು ಫೈಕಾಲ್ ನಡುವಿನ ಹಾಲಿನ ಕೆನೆಯಂಥ ಪದರವೇ ನಿಮಗೆ ಬೇಕಾದದ್ದು. ಅದರಲ್ಲಿ ಒಂದು ಕೋಟಿಗಿಂತ ಹೆಚ್ಚು ಕೋಶಗಳಿದ್ದರೂ, ಸಿಡಿ34 ಗುರುತಿರುವ ಆಕರಕೋಶ ಸಾವಿರಕ್ಕೊಂದು. ಹತ್ತಿಪ್ಪತ್ತು ಸಾವಿರ ಸಿಕ್ಕರೆ ಪುಣ್ಯ. ಹೊಕ್ಕುಳಬಳ್ಳಿ ರಕ್ತದಲ್ಲಿ ಇದು ನೂರಕ್ಕೊಂದರ ಹತ್ತಿರ.

ಆಯಸ್ಕಾಂತದ ಮಣಿಗಳಿಂದ ಸಿಡಿ34 ಬೇರ್ಪಡಿಸಲು ದುಡ್ಡಿಲ್ಲದಿದ್ದರೆ ಹಳೆಯ ದಾರಿ ಇದೆ. ಜೆರುಸಲೇಮಿನ ಐಟನ್ ಫಿಬಾಕ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಎರಡು ಹಂತದ ದ್ರವ ಕಲ್ಚರಿಗೆ ಬೇರ್ಪಡಿಸುವ ಗೊಡವೆಯೇ ಇಲ್ಲ. ಇಡೀ ಕೆನೆಪದರವನ್ನೇ ಮೊದಲ ಹಂತದಲ್ಲಿ ಬೆಳೆಸಿ, ಟಿ ಕೋಶಗಳು ಮೆರೆಯದಂತೆ ಸೈಕ್ಲೋಸ್ಪೋರಿನ್ ಹಾಕಿ, ವಾರದ ನಂತರ ಎರಿತ್ರೊಪೊಯೆಟಿನ್ ಇರುವ ಎರಡನೆಯ ಹಂತಕ್ಕೆ ದಾಟಿಸುತ್ತಾರೆ. ಸಣ್ಣ ಊರಿನ ಲ್ಯಾಬಿಗೆ ಇವತ್ತಿಗೂ ಇದು ಸಲ್ಲುತ್ತದೆ.

ದುಡ್ಡಿದ್ದವರಿಗೆ ಮೂರು ಹಂತದ ಕ್ರಮ. ತಳಹದಿ ಐಎಂಡಿಎಂ ಮೀಡಿಯಾ, ಶೇಕಡ 5 ಮನುಷ್ಯರ ಎಬಿ ಸೀರಮ್, ಇನ್ಸುಲಿನ್, ಹೆಪಾರಿನ್, ಕಬ್ಬಿಣ ತುಂಬಿದ ಟ್ರಾನ್ಸ್‌ಫೆರಿನ್. ಮೊದಲ ವಾರ ಎಸ್‌ಸಿಎಫ್, ಐಎಲ್-3 ಎಂಬ ಬೆಳವಣಿಗೆಯ ಪ್ರೋಟೀನ್, ಮಿ.ಲೀ.ಗೆ 3 ಯೂನಿಟ್ ಎರಿತ್ರೊಪೊಯೆಟಿನ್. ಎರಡನೆಯ ಹಂತದಲ್ಲಿ ಐಎಲ್-3 ತೆಗೆಯಿರಿ. ಹನ್ನೊಂದು ಹನ್ನೆರಡನೆಯ ದಿನದಿಂದ ಎಸ್‌ಸಿಎಫ್ ಕೂಡ ಬೇಡ, ಟ್ರಾನ್ಸ್‌ಫೆರಿನ್ನನ್ನು ಮಿ.ಲೀ.ಗೆ 1 ಮಿ.ಗ್ರಾಂಗೆ ಏರಿಸಿ. ಹಿಮೋಗ್ಲೋಬಿನ್ ಕಟ್ಟುವ ಹೊತ್ತಿನಲ್ಲಿ ಕಬ್ಬಿಣ ಸಾಲದಿದ್ದರೆ ಕೋಶಗಳು ಬಿಳಿಚಿಕೊಳ್ಳುತ್ತವೆ, ನೀವು ಅದನ್ನು ಕಾಯಿಲೆ ಎಂದುಕೊಳ್ಳುತ್ತೀರಿ. ಆ ಹಂತದಲ್ಲಿ ಮಿ.ಲೀ.ಗೆ 10 ಲಕ್ಷದಷ್ಟು ಒತ್ತಾಗಿಡಿ, ಪಿಪೆಟ್ಟಿನಲ್ಲಿ ಜೋರಾಗಿ ಹೀರಿ ಬಿಡಬೇಡಿ. ಮಾಗುತ್ತಿರುವ ಕೆಂಪು ಕೋಶ ಬಲು ನಾಜೂಕು.

ಮೂರು ನಾಲ್ಕು ದಿನಕ್ಕೊಮ್ಮೆ ಒಂದಿಷ್ಟು ತೆಗೆದು ಸ್ಲೈಡ್ ಮಾಡಿ, ಗೀಮ್ಸಾ ಬಣ್ಣ ಹಾಕಿ ನೋಡಿ. ಏಳನೆಯ ದಿನ ದೊಡ್ಡ ಕೋಶ, ಕಡುನೀಲಿ ಒಡಲು, ನಡುವೆ ಅಗಲವಾದ ನ್ಯೂಕ್ಲಿಯಸ್. ಹನ್ನೊಂದು ಹನ್ನೆರಡಕ್ಕೆ ಒಡಲು ಬೂದಿ ಬಣ್ಣಕ್ಕೆ ತಿರುಗಿ ಕೋಶ ಚಿಕ್ಕದಾಗುತ್ತದೆ. ಹದಿನೈದರ ಆಸುಪಾಸು ನ್ಯೂಕ್ಲಿಯಸ್ ಕಾಳುಮೆಣಸಿನಂತೆ ಕಪ್ಪಗೆ ಮುದುಡಿ ಅಂಚಿಗೆ ಸರಿದಿರುತ್ತದೆ. ಹದಿನೆಂಟು ಇಪ್ಪತ್ತರ ಹೊತ್ತಿಗೆ ಅದು ಹೊರಬೀಳುತ್ತಿರುವ ಕೋಶಗಳು ಸಿಗುತ್ತವೆ. ಇಷ್ಟು ವರ್ಷವಾದರೂ ಆ ಸ್ಲೈಡ್ ಸಿಕ್ಕ ದಿನ ಪಕ್ಕದ ಲ್ಯಾಬಿನವರನ್ನೆಲ್ಲ ಕರೆದು ತೋರಿಸುತ್ತೇನೆ. ಕೋಶದ ಮೇಲಿನ ಗುರುತುಗಳನ್ನು ಅಳೆಯುವ ಫ್ಲೋ ಸೈಟೋಮೀಟರ್ ಇದ್ದರೆ ಸಿಡಿ71 ಏರಿ ಇಳಿಯುವುದನ್ನೂ ಸಿಡಿ235ಎ ಏರಿ ನಿಲ್ಲುವುದನ್ನೂ ಹಿಡಿಯಬಹುದು. ಸ್ಲೈಡಿನ ಜಾಗಕ್ಕೆ ಅದು ಬರಲಾರದು.

ಬೀಟಾ ಥಲಸ್ಸೇಮಿಯಾ ಕಲ್ಚರಿನಲ್ಲಿ ಆ ಬೂದಿ ಬಣ್ಣದ ಹಂತದಲ್ಲಿ ಗುಂಪು ತೆಳುವಾಗುತ್ತದೆ. ಮುಂದಕ್ಕೆ ಹೋಗಬೇಕಾದ ಕೋಶಗಳು ಅಲ್ಲೇ ನಿಂತು ಸಾಯುತ್ತವೆ. ಮಜ್ಜೆ ತುಂಬಾ ಕೋಶಗಳಿದ್ದರೂ ರಕ್ತಕ್ಕೆ ಕೆಂಪು ಕಣ ಬಾರದಿರುವ ವಿಚಿತ್ರ ಇದೇ. ಕೊನೆಯ ದಿನದ ಎಣಿಕೆ ಮಾತ್ರ ನೋಡಿದವರಿಗೆ ಇದು ಕಾಣುವುದಿಲ್ಲ, ಪ್ರತಿ ಹಂತದ ಎಣಿಕೆ ಮತ್ತು ಸಾವಿನ ಲೆಕ್ಕ ಬರೆದವರಿಗೆ ಕಾಣುತ್ತದೆ.

ಕಂಟ್ರೋಲ್ ಬಗ್ಗೆ ಒಂದು ಮಾತು. ಸುಲಭವಾಗಿ ಸಿಗುತ್ತದೆಂದು ಹೊಕ್ಕುಳಬಳ್ಳಿ ರಕ್ತವನ್ನು ಕಂಟ್ರೋಲ್ ಮಾಡಿಕೊಂಡು, ದೊಡ್ಡವರ ಕೋಶಗಳ ಭ್ರೂಣ ಹಿಮೋಗ್ಲೋಬಿನ್ನಿನ ಜೊತೆ ಹೋಲಿಸಿದ ಥೀಸಿಸ್‌ಗಳನ್ನು ಓದಿದ್ದೇನೆ. ಹೊಕ್ಕುಳಬಳ್ಳಿಯ ಕೋಶ ಹುಟ್ಟಿನಿಂದಲೇ ಗಾಮಾ ಗ್ಲೋಬಿನ್ ಮಾಡುವಂಥದ್ದು. ಅಲ್ಲದೆ, ದೊಡ್ಡವರ ಆರೋಗ್ಯವಂತ ಕೋಶವೂ ಫ್ಲಾಸ್ಕಿಗೆ ಬಂದರೆ ಮೈಯೊಳಗಿದ್ದುದಕ್ಕಿಂತ ತುಸು ಹೆಚ್ಚು ಭ್ರೂಣ ಹಿಮೋಗ್ಲೋಬಿನ್ ಮಾಡುತ್ತದೆ. ಆದ್ದರಿಂದ ವಯಸ್ಸು ಹೊಂದುವ ಆರೋಗ್ಯವಂತರ ರಕ್ತವನ್ನು, ಅದೇ ದಿನ, ಅದೇ ಬಾಟಲಿಯ ಸೀರಮಿನಲ್ಲಿ ಬೆಳೆಸಿ. ಸೀರಮಿನ ಬ್ಯಾಚ್ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಒಳ್ಳೆಯ ಬ್ಯಾಚ್ ಸಿಕ್ಕರೆ ವರ್ಷಕ್ಕಾಗುವಷ್ಟು ಒಟ್ಟಿಗೆ ಕೊಳ್ಳಿ, ಅಕೌಂಟ್ಸ್ ವಿಭಾಗದ ಜೊತೆ ಜಗಳವಾದರೂ ಸರಿ.

ಕಾಲನಿ ಎಣಿಸುವುದು

ದ್ರವ ಕಲ್ಚರ್ ಗುಂಪಿನ ಕತೆ ಹೇಳುತ್ತದೆ. ಒಂದೊಂದು ಆಕರಕೋಶಕ್ಕೆ ಎಷ್ಟು ಕಸುವಿದೆ ಎಂದು ತಿಳಿಯಲು ಅವು ಅಲುಗಾಡದಂತೆ ಗಂಜಿಯಂಥ ಮೀಥೈಲ್‌ಸೆಲ್ಯುಲೋಸಿನಲ್ಲಿ ಹುದುಗಿಸಿ, ಪ್ರತಿಯೊಂದರಿಂದ ಹುಟ್ಟಿದ ಕಾಲನಿಯನ್ನು ಎಣಿಸಬೇಕು. 1960ರ ದಶಕದ ನಡುವೆ ಇಸ್ರೇಲ್ ಮತ್ತು ಆಸ್ಟ್ರೇಲಿಯಾದಲ್ಲಿ ಬೇರೆ ಬೇರೆಯಾಗಿ ಅರೆಗಟ್ಟಿ ಮೀಡಿಯಾದಲ್ಲಿ ರಕ್ತದ ಕಾಲನಿ ಬೆಳೆಸಿದಾಗಿನಿಂದ ಈ ಪದ್ಧತಿ ನಡೆದುಬಂದಿದೆ.

3 ಮಿ.ಲೀ. ಮೀಥೈಲ್‌ಸೆಲ್ಯುಲೋಸಿಗೆ 0.3 ಮಿ.ಲೀ. ಕೋಶ ಸೇರಿಸಿ ಚೆನ್ನಾಗಿ ಅಲುಗಿಸಿ, ಐದು ನಿಮಿಷ ಬಿಟ್ಟು ಗುಳ್ಳೆ ಇಳಿದ ಮೇಲೆ, 16 ಗೇಜಿನ ಮೊಂಡು ಸೂಜಿಯಲ್ಲಿ 35 ಮಿ.ಮೀ. ತಟ್ಟೆಗಳಿಗೆ 1.1 ಮಿ.ಲೀ.ಯಂತೆ ಬಿಡಿ. ಪಿಪೆಟ್ಟಿನಲ್ಲಿ ಅಳೆಯಲು ಹೋಗಬೇಡಿ, ಅರ್ಧ ಪಿಪೆಟ್ಟಿಗೇ ಅಂಟುತ್ತದೆ. ಸಿಡಿ34 ಕೋಶವಾದರೆ ತಟ್ಟೆಗೆ 500ರಿಂದ 1000, ರಕ್ತದ ಕೆನೆಪದರವಾದರೆ 1ರಿಂದ 2 ಲಕ್ಷ. ಎರಡು ತಟ್ಟೆಗಳ ಪಕ್ಕ ಬರೀ ನೀರಿನ ಮೂರನೆಯ ತಟ್ಟೆ ಇಟ್ಟು ದೊಡ್ಡ ತಟ್ಟೆಯೊಳಗೆ ಮುಚ್ಚಿ. ನೀರಿಲ್ಲದಿದ್ದರೆ ಅಂಚು ಒಣಗಿ ಕಾಲನಿಗಳು ಮಧ್ಯಕ್ಕೆ ಓಡಿದಂತೆ ಕಾಣುತ್ತವೆ. ಹದಿನಾಲ್ಕು ದಿನ ಬಾಗಿಲು ತೆಗೆದು ತೆಗೆದು ನೋಡಬೇಡಿ.

ಎಣಿಸುವಾಗ ಬಿಎಫ್‌ಯು-ಇ ಎಂಬ ಕೆಂಪು ಕವಲಿನ ಕಾಲನಿ ತಪ್ಪಿಸಿಕೊಳ್ಳುವುದಿಲ್ಲ. ಒಡೆದ ದಾಳಿಂಬೆಯ ಕಾಳುಗಳಂತೆ ಹಲವು ಕೆಂಪು ಗುಂಪುಗಳು ಒಟ್ಟಿಗೆ ಕೂತಿರುತ್ತವೆ. ಬಿಳಿ ಕವಲಿನ ಸಿಎಫ್‌ಯು-ಜಿಎಂ ಕಾಲನಿ ಚೆಲ್ಲಿದ ರವೆಯ ಹಾಗೆ ಬಣ್ಣವಿಲ್ಲದೆ ಹರಡಿರುತ್ತದೆ. ಎರಡೂ ಬೆರೆತದ್ದು ಇನ್ನೂ ಮೂಲದ ಕೋಶದಿಂದ ಬಂದದ್ದು, ಅದು ಅಪರೂಪ.

ಈಗ ಓದುವ ಕಲೆ. ಕೆಂಪು ಮಾತ್ರ ಕುಸಿದು ಬಿಳಿ ಸರಿಯಾಗಿದ್ದರೆ ಡೈಮಂಡ್-ಬ್ಲ್ಯಾಕ್‌ಫ್ಯಾನಿನ ಕಡೆ ಯೋಚಿಸಿ. 1999ರಲ್ಲಿ ಅದರ ಮೊದಲ ಜೀನ್ ಆರ್‌ಪಿಎಸ್19 ಸಿಕ್ಕ ಮೇಲೆ, ಆರೋಗ್ಯವಂತರ ಸಿಡಿ34 ಕೋಶಗಳಲ್ಲೇ ಆ ಜೀನನ್ನು ತಗ್ಗಿಸಿ ಇದೇ ಚಿತ್ರ ತರಬಹುದೆಂದು ತೋರಿಸಲಾಗಿದೆ. ರೋಗಿ ಸಿಗದವರಿಗೆ ಅದೊಂದು ಮಾದರಿ. ಎಲ್ಲ ಬಗೆಯ ಕಾಲನಿಯೂ ಇಲ್ಲವಾದರೆ ಅಪ್ಲಾಸ್ಟಿಕ್ ರಕ್ತಹೀನತೆ, ಇಲ್ಲವೇ ಹುಟ್ಟಿನಿಂದ ಬರುವ ಫ್ಯಾಂಕೋನಿ ರಕ್ತಹೀನತೆ. ಫ್ಯಾಂಕೋನಿಯನ್ನು ಖಚಿತಪಡಿಸುವುದು ಕಾಲನಿ ಅಲ್ಲ, ಮೈಟೋಮೈಸಿನ್ ಹಾಕಿದಾಗ ಕ್ರೋಮೋಸೋಮುಗಳು ಮುರಿಯುತ್ತವೆಯೇ ಎಂಬ ಪರೀಕ್ಷೆ. ಇನ್ನು ಎರಿತ್ರೊಪೊಯೆಟಿನ್ ಹಾಕದ ತಟ್ಟೆಯಲ್ಲೂ ಕೆಂಪು ಕಾಲನಿ ಎದ್ದರೆ? 1974ರಲ್ಲಿ ಪ್ರಚಾಲ್ ಮತ್ತು ಆಕ್ಸೆಲ್ರಾಡ್ ಪಾಲಿಸೈಥೀಮಿಯಾ ವೀರಾದಲ್ಲಿ ಕಂಡದ್ದು ಇದನ್ನೇ. ಅಪ್ಪಣೆ ಇಲ್ಲದೆ ಬೆಳೆಯುವ ಆ ಕೋಶಗಳೊಳಗೆ ಜಾಕ್2 ಜೀನಿನ ತಪ್ಪು ಇದೆಯೆಂದು ಗೊತ್ತಾಗಲು 2005ರವರೆಗೆ ಕಾಯಬೇಕಾಯಿತು. ಹಾಗಾಗಿ ಎರಿತ್ರೊಪೊಯೆಟಿನ್ ಇಲ್ಲದ ತಟ್ಟೆಯನ್ನು ಪ್ರತಿ ಪ್ರಯೋಗದಲ್ಲೂ ಇಡಿ, ಖರ್ಚೇನೂ ಇಲ್ಲ.

ಎಣಿಸಿದ ತಟ್ಟೆಗಳನ್ನು ಅಂದೇ ಎಸೆಯಬೇಡಿ. ಅನುಮಾನ ಬಂದ ಕಾಲನಿಯೊಂದನ್ನು ಸಣ್ಣ ಪಿಪೆಟ್ಟಿನಲ್ಲಿ ಹೀರಿ ತೆಗೆದು ಅದರದೇ ಡಿಎನ್‌ಎ ನೋಡಬಹುದು. ಮೂಲ ಕೋಶ ಒಂದೇ ಆದ್ದರಿಂದ, ತಪ್ಪು ಜೀನಿನ ಎರಡೂ ಪ್ರತಿಯಲ್ಲಿದೆಯೇ ಒಂದರಲ್ಲಿದೆಯೇ ಎಂಬುದು ಅಲ್ಲಿ ನಿಚ್ಚಳ.

ಮರಳಿ ಫ್ರೀಜ್ ಮಾಡುವುದು

ಕೆಲಸ ಚೆನ್ನಾಗಿ ನಡೆಯುತ್ತಿರುವಾಗಲೇ ವಯಲ್ ಕೂಡಿಡಿ, ಕೆಟ್ಟ ಮೇಲೆ ಅಲ್ಲ. ಕೆ562 ಆದರೆ ವಯಲಿಗೆ 20ರಿಂದ 50 ಲಕ್ಷ, ಶೇಕಡ 10 ಡಿಎಂಎಸ್‌ಒ, ಉಳಿದದ್ದು ಸೀರಮ್. ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣ್ಣಗಾಗುವ ಡಬ್ಬಿಯಲ್ಲಿ ಮೈನಸ್ 80ಕ್ಕೆ, ಮರುದಿನ ದ್ರವ ಸಾರಜನಕಕ್ಕೆ. ರೋಗಿಯ ಕೆನೆಪದರದಲ್ಲಿ ಒಂದು ಪಾಲನ್ನು ಮೊದಲ ದಿನವೇ ಹೀಗೆ ತೆಗೆದಿಟ್ಟಿದ್ದರೆ ನನ್ನ ಆಯುಧಪೂಜೆಯ ಕತೆಗೆ ಬೇರೆ ಕೊನೆ ಇರುತ್ತಿತ್ತು. ಮಗುವಿನ ಹೆಸರು ವಯಲಿನ ಮೇಲೆ ಬೇಡ, ಸಂಕೇತ ಸಂಖ್ಯೆ ಸಾಕು. ಮಾರ್ಕರ್ ಪೆನ್ನಿನ ಬರಹ ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ, ಶೀತ ತಡೆಯುವ ಲೇಬಲ್ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಕೋಶ, ಪ್ಯಾಸೇಜ್, ತಾರೀಕು, ಬರೆದವರ ಸಹಿ. ವಾರದ ನಂತರ ಒಂದು ವಯಲ್ ಕರಗಿಸಿ ಬದುಕಿವೆಯೇ ನೋಡಿ. ನಾಲ್ಕು ವರ್ಷದ ಮೇಲೆ ಆ ಡಬ್ಬಿ ತೆರೆಯುವವರು ನಿಮ್ಮನ್ನು ನೋಡಿಯೇ ಇರುವುದಿಲ್ಲ.